ಎರಡೂ ದೇಶಗಳ ಎಣಿಕೆಯಲ್ಲಿ ಸಿಗದವನು

1987ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆಯ ಅರ್ಧಕ್ಕೆ. ದೀಪಾವಳಿ ಸೂಟಿಗೆ ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ಅಪ್ಪ ಗೌಂಡಿ ಕೆಲಸದವನು. ನಮ್ಮ ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿ ಒಬ್ಬರ ಮನೆಯ ಗೋಡೆ ಏರಿಸುತ್ತಿದ್ದಾಗ ಕಲ್ಲು ಎತ್ತಿಕೊಡುವ ಆಳು ಬಿಟ್ಟುಹೋದ. ಆ ವಾರದ ಮಟ್ಟಿಗೆ ಎಂದು ನಾನು ನಿಂತೆ. ಆ ಗೋಡೆ ಮುಗಿಯಿತು, ಇನ್ನೊಂದು ಸುರುವಾಯಿತು. ಇದನ್ನು ಅಳುವುದಕ್ಕಾಗಿ ಬರೆಯುತ್ತಿಲ್ಲ. ಇಪ್ಪತ್ತು ತುಂಬುವ ಮೊದಲೇ ನಾನು ಗೌಂಡಿಯಾಗಿದ್ದೆ. ನನ್ನ ಗೋಡೆಗೆ ತೂಗುಗುಂಡು ಇಳಿಬಿಟ್ಟು ನೋಡಿದ ಎಂಜಿನಿಯರುಗಳು ಮಾತಾಡದೆ ದಾರ ಸುತ್ತಿಕೊಂಡು ಹೋಗಿದ್ದಾರೆ. ಬಿಟ್ಟ ಶಾಲೆ ಕೊಟ್ಟಷ್ಟು ಅಕ್ಷರ ಇನ್ನೂ ನನ್ನ ಹತ್ತಿರ ಇದೆ, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ಹೇಳಬೇಕೆಂದಿರುವುದು ಜನಗಣತಿಯ ಮಾತು, ಅದರೊಳಗೆ ಸಿಕ್ಕದೆ ಹೋದ ಒಬ್ಬ ಮನುಷ್ಯನ ಮಾತು.

2004ರಲ್ಲಿ ನಾನು ಮಸ್ಕತ್ತಿಗೆ ಹೋದೆ. ನಮ್ಮ ಓಣಿಯಿಂದ ವಿಮಾನ ಹತ್ತಿದವರಲ್ಲಿ ನಾನೇ ಮೊದಲಿಗ. ನಾನು ಎರಡು ವರ್ಷಕ್ಕೆ ರಜೆಯ ಮೇಲೆ ಬಂದು ಮನೆಯ ಮಾಳಿಗೆಗೆ ಸ್ಲ್ಯಾಬ್ ಹಾಕಿಸಿದ್ದನ್ನು ನೋಡಿ ಒಬ್ಬೊಬ್ಬರಾಗಿ ಹೊರಟರು. ನನ್ನನ್ನು ಬಿಟ್ಟು ಹತ್ತು ಜನ. ಅವರಲ್ಲಿ ಒಬ್ಬ ನನ್ನ ಕೈಕೆಳಗೇ ಗಿಲಾವು ಕಲಿತವನು. ಗೋಡೆಗೆ ಸಿಮೆಂಟು ಬಳಿದು ನುಣುಪು ಮಾಡುವುದಕ್ಕೆ ನಮ್ಮ ಕಡೆ ಗಿಲಾವು ಎನ್ನುತ್ತಾರೆ. ಅವನು ಎಡಚ. ಎಡಗೈಯಲ್ಲಿ ಕರಣಿ ಹಿಡಿಯುವವನನ್ನು ಬೇರೆ ಗೌಂಡಿಗಳು ಕೆಲಸಕ್ಕೆ ಕರೆಯುತ್ತಿರಲಿಲ್ಲ, ಒಂದೇ ಗೋಡೆಯಲ್ಲಿ ಇಬ್ಬರ ಕೈ ಒಂದಕ್ಕೊಂದು ತಾಗುತ್ತವೆಂದು. ನಾನು ಅವನಿಗೆ ಒಂದು ಗೋಡೆಯನ್ನು ಒಬ್ಬನಿಗೇ ಬಿಟ್ಟುಕೊಟ್ಟೆ. ಎಡಗೈಯವನ ಗಿಲಾವಿನಲ್ಲಿ ಒಂದು ಗುರುತು ಉಳಿಯುತ್ತದೆ, ಅದು ಮುಂದೆ ಬರುತ್ತದೆ.

ಅವನು 2007ರಲ್ಲಿ ಮುಂಬಯಿಯ ಏಜೆಂಟನೊಬ್ಬನ ಮೂಲಕ ಹೋದ. ಮಸ್ಕತ್ತಿಗೇ, ಆದರೆ ನಾನಿದ್ದ ಕಂಪನಿಗಲ್ಲ, ಬೇರೊಂದಕ್ಕೆ. ಎರಡು ವರ್ಷ ದುಡ್ಡು ಬಂತು, ಫೋನು ಬಂತು. 2009ರಲ್ಲಿ ಎರಡೂ ನಿಂತವು. ಮನೆಯಲ್ಲಿ ಅವನ ತಾಯಿ, ಹೆಂಡತಿ, ಸಣ್ಣ ಮಗಳು. ಹೆಂಡತಿಯ ತವರು ಅಫಜಲಪುರ ತಾಲ್ಲೂಕಿನ ಕರಜಗಿ. ಅವಳು ನನ್ನನ್ನು ಅಣ್ಣಾ ಎನ್ನುತ್ತಾಳೆ, ನಾನು ತಂಗಿ ಎನ್ನುತ್ತೇನೆ. ಏಜೆಂಟನ ಫೋನು ಹತ್ತಲಿಲ್ಲ, ಕಂಪನಿಯ ಹೆಸರು ಬರೆದಿಟ್ಟಿದ್ದ ಚೀಟಿಯನ್ನು ಅವನೇ ಕಿಸೆಯಲ್ಲಿ ಒಯ್ದಿದ್ದ. ಅವನು ಬದುಕಿದ್ದಾನೆಯೇ ಇಲ್ಲವೇ ಎನ್ನುವುದೇ ಆ ಮನೆಗೆ ಗೊತ್ತಿರಲಿಲ್ಲ.

2010ರ ಕೊನೆಗೆ ಮಸ್ಕತ್ತಿನಲ್ಲಿ ನಮ್ಮನ್ನು ಎಣಿಸಿದರು. ನಾವಿದ್ದ ಕೆಲಸಗಾರರ ಕ್ಯಾಂಪಿನ ಒಂದೊಂದು ಕೋಣೆಯಲ್ಲಿ ಎಂಟು ಮಂದಿ. ಉದ್ದ ಬಿಳಿ ಅಂಗಿಯ ಒಬ್ಬ ಹುಡುಗ, ಅವನ ಜೊತೆ ಹಿಂದಿ ಬಲ್ಲ ಒಬ್ಬ ಮಲಯಾಳಿ. ಕೈಯಲ್ಲಿ ಹಿಡಿಯುವಷ್ಟು ಯಂತ್ರದಲ್ಲಿ ಒತ್ತಿ ಒತ್ತಿ ಬರೆದುಕೊಂಡರು. ಯಾವ ದೇಶದವನು, ಎಷ್ಟು ವರ್ಷದವನು, ಲಗ್ನ ಆಗಿದೆಯೋ, ಏನು ಕೆಲಸ. ಎಷ್ಟು ಓದಿದ್ದಿ ಎಂದಾಗ ನಾನು ಆರನೇ ಪಾಸು, ಏಳನೇ ಅರ್ಧ ಎಂದೆ. ಮಲಯಾಳಿ ನಕ್ಕ. ಅರ್ಧ ಬರೆಯಲು ಜಾಗ ಇಲ್ಲ ಎಂದ. ಹಾಗಿದ್ದರೆ ಆರು ಬರೆ, ಆದರೆ ಗಿಲಾವು, ಟೈಲ್ಸು, ಫರಸಿ ಮೂರೂ ಬರುತ್ತವೆ ಎಂದು ಬರೆ ಎಂದೆ. ಬರೆದನೋ ಇಲ್ಲವೋ. ಹೋಗುವಾಗ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಆ ದಿನ ನನಗೆ ಒಂದು ಥರ ಹೆಮ್ಮೆಯಾಗಿತ್ತು. ಆರು ವರ್ಷ ಆ ದೇಶದ ಗೋಡೆ ಮೆತ್ತಿದ್ದೆ, ನೀನು ಯಾರು ಎಂದು ಆ ದೇಶ ಮೊದಲನೇ ಸಲ ಕೇಳಿತ್ತು.

ಅದಾಗಿ ಎರಡು ತಿಂಗಳಿಗೆ ರಜೆಯ ಮೇಲೆ ಊರಿಗೆ ಬಂದೆ. 2011ರ ಫೆಬ್ರುವರಿ. ಬಂದ ನಾಲ್ಕನೇ ದಿನಕ್ಕೆ ನಮ್ಮ ಸರ್ಕಾರದ ಎಣಿಕೆ ಓಣಿಗೆ ಬಂತು.

ಎಣಿಸಲು ಬಂದವರು ಶಾಲೆಯ ಅಕ್ಕೋರು. ಅವರ ಊರು ಜೇವರ್ಗಿ ಕಡೆ, ನೌಕರಿ ನಮ್ಮಲ್ಲಿ. ಬಗಲಲ್ಲಿ ಒಂದು ಚೀಲ, ಅದರ ತುಂಬ ದೊಡ್ಡ ದೊಡ್ಡ ಕಾಗದ, ಮಡಚಬಾರದಂತೆ. ಕೂಡ್ರಲು ಜಾಗ ಹುಡುಕುತ್ತಿದ್ದವರಿಗೆ ನಾನು ನಮ್ಮ ಕಟ್ಟೆ ತೋರಿಸಿದೆ. ಅವತ್ತಿನಿಂದ ಮೂರು ದಿನ ಅವರ ಜೊತೆ ಮನೆಮನೆ ತಿರುಗಿದೆ. ರಜೆಯಲ್ಲಿ ಕೂತು ಉಣ್ಣುವುದು ನನಗೆ ಆಗದ ಕೆಲಸ. ಅಲ್ಲದೆ ಆ ಓಣಿಯ ಯಾವ ಮನೆಯ ಹೊಸ್ತಿಲು ಎಷ್ಟು ಎತ್ತರ ಎನ್ನುವುದು ನನಗೆ ಗೊತ್ತಿತ್ತು, ಅರ್ಧಕ್ಕಿಂತ ಹೆಚ್ಚು ಹೊಸ್ತಿಲು ಅಪ್ಪ ಅಥವಾ ನಾನು ಕೂಡಿಸಿದ್ದು.

ಅಕ್ಕೋರು ಪ್ರತಿ ಮನೆಯಲ್ಲಿ ಮೊದಲು ಒಂದೇ ಮಾತು ಕೇಳುತ್ತಿದ್ದರು. "ಈ ಒಲಿಮ್ಯಾಗ ಉಣ್ಣೋರು ಎಷ್ಟು ಮಂದಿ?" ಒಂದು ಒಲೆ ಎಂದರೆ ಒಂದು ಕುಟುಂಬ, ಹಾಗೆ ಅವರಿಗೆ ಹೇಳಿ ಕಳಿಸಿದ್ದರು.

ಮೊದಲ ಮನೆಯ ಮುದುಕಿ ಮಟಕಿಯಿಂದ ಸೊಸೆಯಾಗಿ ಬಂದವಳು. ಅವಳ ಮಗ ನನ್ನ ಕಂಪನಿಯಲ್ಲೇ ಸೆಂಟ್ರಿಂಗ್ ಕೆಲಸಕ್ಕಿದ್ದ.

"ಐದು ಮಂದಿ," ಅಂದಳು ಮುದುಕಿ.

ನಾನು ಮನಸ್ಸಿನಲ್ಲೇ ಎಣಿಸಿದೆ. ಮನೆಯಲ್ಲಿದ್ದವರು ನಾಲ್ಕು.

"ಮಗ ಎಲ್ಲಿದ್ದಾನವ್ವ?" ಎಂದರು ಅಕ್ಕೋರು.

"ಹೊರಗ ಹೋಗ್ಯಾನ. ಬರ್ತಾನ."

ಅಕ್ಕೋರು ಬರೆದುಕೊಂಡರು. ಆಮೇಲೆ ಮುದುಕಿಯ ಪಾಳಿ. "ನೀವು ಹುಟ್ಟಿದ್ದೆಲ್ಲಿ?"

"ಮಟಕ್ಯಾಗ."

"ಇಲ್ಲಿಗೆ ಯಾಕ ಬಂದ್ರಿ?"

"ಯಾಕ ಬಂದ್ರಿ ಅಂದ್ರ? ತಾಳಿ ಕಟ್ಟಿ ಗಾಡ್ಯಾಗ ಕುಂಡ್ರಿಸಿದ್ರು, ಬಂದೆ. ನನ್ನ ಯಾರ ಕೇಳ್ಯಾರ?"

"ಲಗ್ನ ಅಂತ ಬರಕೋತೇನಿ. ಬಂದು ಎಷ್ಟು ವರ್ಷ ಆತು?"

"ನನ್ನ ಹಲ್ಲೆಲ್ಲಾ ಇದ ಮನ್ಯಾಗ ಉದುರ್ಯಾವ. ನೀವ ಲೆಕ್ಕಾ ಹಾಕ್ರಿ, ಸಾಲಿ ಕಲ್ತವ್ರಿದ್ದೀರಿ."

ಹೀಗೆಯೇ ನಡೆಯಿತು. ನಾನು ಅಕ್ಕೋರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಆ ಕಾಗದದ ಪ್ರಕಾರ ನಮ್ಮ ಓಣಿಯಲ್ಲಿ ಊರು ಬಿಟ್ಟು ಊರಿಗೆ ಬಂದವರೆಲ್ಲ ಹೆಂಗಸರು. ಮಟಕಿ, ಕರಜಗಿ, ಜೇವರ್ಗಿ ಕಡೆಯ ಹಳ್ಳಿ, ಒಂದೆರಡು ಅಕ್ಕಲಕೋಟ ಕಡೆ. ಬಂದ ಕಾರಣ ಲಗ್ನ. ಗಂಡಸರದ್ದು ಹುಟ್ಟಿದ ಜಾಗವೂ ಇದೇ, ಇರುವ ಜಾಗವೂ ಇದೇ. ಸಮುದ್ರ ದಾಟಿದ ಒಂಬತ್ತು ಗಂಡಸರು ಆ ಕಾಗದದಲ್ಲಿ ಹುಟ್ಟಿದಾಗಿನಿಂದ ಹೊಸ್ತಿಲು ದಾಟಿರಲಿಲ್ಲ.

ಮಂದಿ ಸುಳ್ಳು ಹೇಳುತ್ತಿದ್ದರೆಂದು ಯಾರೂ ತಿಳಿಯಬಾರದು. ರೇಷನ್ ಕಾರ್ಡಿನಿಂದ ಹೆಸರು ಹೊಡೆದಾರೆಂಬ ಅಂಜಿಕೆ ಸ್ವಲ್ಪ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ದೊಡ್ಡ ಕಾರಣ ಬೇರೆ. ಯಾರ ಗಳಿಕೆಯಿಂದ ಒಲೆ ಉರಿಯುತ್ತದೆಯೋ ಅವನು ಆ ಒಲೆಯವನು, ನಮ್ಮ ಕಡೆಯ ತಿಳಿವಳಿಕೆ ಇಷ್ಟೇ. ಪುಣೆಯಲ್ಲಿರಲಿ, ಮಸ್ಕತ್ತಿನಲ್ಲಿರಲಿ, ಅವನು ಕಳಿಸಿದ್ದರಿಂದ ಜೋಳ ಬಂದಿದ್ದರೆ ಅವನೂ ಉಂಡಹಾಗೆ. ಒಲೆಯ ಮೇಲೆ ಉಣ್ಣುವವರು ಎಷ್ಟು ಎಂದು ಕೇಳಿದರೆ ಅವನನ್ನು ಬಿಟ್ಟು ಎಣಿಸಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಸರ್ಕಾರ ಒಲೆಯೆಂದರೆ ಏನೆಂದು ತಿಳಿದಿತ್ತೋ, ಓಣಿ ಬೇರೆಯೇ ತಿಳಿದಿತ್ತು.

ನನಗೆ ಎಲ್ಲ ಗೊತ್ತಿತ್ತು. ಒಂಬತ್ತೂ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ.

ಎರಡನೇ ದಿನ ಮಧ್ಯಾಹ್ನ ಎಡಚನ ಮನೆಗೆ ಹೋದೆವು. ತಂಗಿ ತೊಗರಿ ಕೇರುತ್ತಿದ್ದಳು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಅಕ್ಕೋರು ಕೇಳಿದರು, ಒಲೆಯ ಮೇಲೆ ಉಣ್ಣುವವರು ಎಷ್ಟು.

"ಮೂರು," ಅಂದಳು ಅತ್ತೆ. ಹೆತ್ತ ಮಗನನ್ನು ಬಿಟ್ಟೇ ಎಣಿಸಿದಳು. ಎರಡು ವರ್ಷದಿಂದ ಅವನ ಕಡೆಯಿಂದ ಒಂದು ರೊಟ್ಟಿಯ ಹಿಟ್ಟೂ ಬಂದಿರಲಿಲ್ಲ, ಸೊಸೆಯ ಕೂಲಿಯ ಮೇಲೆ ಮನೆ ನಡೆದಿತ್ತು. ಆಕೆಯ ಲೆಕ್ಕ ಅವಳ ಮಟ್ಟಿಗೆ ಸರಿಯೇ. ಕಾಗದದ ಮಟ್ಟಿಗೂ ಸರಿಯೇ. ಇಡೀ ಓಣಿಯಲ್ಲಿ ಸರ್ಕಾರಕ್ಕೆ ಬೇಕಾದ ಉತ್ತರ ಕೊಟ್ಟವಳು ಅವಳೊಬ್ಬಳು.

ಅಕ್ಕೋರು ಮೂವರ ಹೆಸರು ಬರೆದು ಪೆನ್ನಿಗೆ ಟೋಪಿ ಹಾಕಿದರು. ಆಗ ತಂಗಿ ಮೊರ ಕೆಳಗಿಟ್ಟಳು.

"ಅಕ್ಕೋರ, ನನ್ನ ಗಂಡನ್ನ ಎಲ್ಲಿ ಬರದ್ರಿ?"

"ಎಲ್ಲಿದ್ದಾರ ಅವರು?"

"ಮಸ್ಕತ್‌ದಾಗ."

"ದೇಶದ ಹೊರಗ ಇದ್ದವರ್ನ ಬರಿಯಾಂಗಿಲ್ಲವ್ವ. ಈ ದಿನಗೋಳದಾಗ ಊರಾಗ ಇದ್ದವರ್ನಷ್ಟ ಬರೀಬೇಕು."

"ಹಂಗಂದ್ರ ಬಾಜು ಮನಿಯಾಗ ನಾಕು ಮಂದಿ ಗಂಡಸರ್ನ ಹ್ಯಾಂಗ ಬರದ್ರಿ? ಅದರಾಗ ಒಬ್ಬ ಅಲ್ಲೇ ಇದ್ದಾನ. ಅವನ್ನ ಬರದಂಗ ನನ್ನವರ್ನೂ ಬರೀರಿ. ಒಳಗ ಬ್ಯಾಡಂದ್ರ ಅಂಚಿನ ಮ್ಯಾಲರೆ ಬರೀರಿ. ಮಸ್ಕತ್‌ಗೆ ಹೋದ, ಹೋದವ ಇನ್ನಾ ಬಂದಿಲ್ಲ ಅಂತ ಒಂದ ಸಾಲು. ಸರಕಾರದ ಕಡೆ ಒಂದ ಕಡೆಗರೆ ಬರದಿದ್ರ ಅವರಿಗೆ ಹುಡಕಬೇಕಂತ ಗೊತ್ತಾಗ್ತದ."

ಅಕ್ಕೋರು ನನ್ನ ಕಡೆ ತಿರುಗಿದರು. "ಗೌಂಡಿಯವರ, ಬಾಜು ಮನಿಯವರು ಎಲ್ಲಿದ್ದಾರ? ಖರೇ ಹೇಳ್ರಿ."

ನಾನು ಹೇಳಿದೆ. "ಕರಜಗಿ ಕಡಿ ಕಬ್ಬ ಕಡಿಯಾಕ ಹೋಗ್ಯಾರ್ರಿ. ನಾಡದ ಬರ್ತಾರ."

"ಇಪ್ಪತ್ತೆಂಟರ ಒಳಗ ಬರ್ತಾರೇನು?"

"ಬರ್ತಾರ್ರಿ."

ಹೇಳುವಾಗ ನಾನು ಒಂದು ಕ್ಷಣವೂ ತಡವರಿಸಲಿಲ್ಲ. ಒಂಬತ್ತು ಮನೆಯವರು ನನ್ನನ್ನು ನಂಬಿದ್ದರು. ಆ ಕಾಗದ ತಿದ್ದಿಸಿ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಓಣಿಯೆಲ್ಲ ನನ್ನ ಮುಖಕ್ಕೆ ಉಗುಳುತ್ತಿತ್ತು. ಒಂಬತ್ತು ಮನೆಯ ಮಾನ ಉಳಿಸಿದೆನೆಂದು ಆಗ ಅಂದುಕೊಂಡೆ. ಹತ್ತನೆಯ ಮನೆಯ ಹೆಣ್ಣುಮಗಳು ಎದುರಿಗೇ ಕೂತಿದ್ದಳು. ಅವಳನ್ನು ನಾನು ಅಕ್ಕೋರ ಮುಂದೆ ಸುಳ್ಳುಗಾತಿ ಮಾಡಿದ್ದೆ.

ಅಕ್ಕೋರು ಹೊರಗೆ ಹೋದ ಮೇಲೆ ಅವಳು ಮೊರ ಎತ್ತಿಕೊಂಡು, ನನ್ನ ಕಡೆ ನೋಡದೆ ಅಂದಳು. "ನಮ್ಮ ತವರೂರ ಕಬ್ಬ ಸಂಕ್ರಾಂತಿಗೇ ಕಡದ ಹೋಗ್ಯದ ಅಣ್ಣಾ. ಸುಳ್ಳ ಹೇಳಾಕರೆ ಬ್ಯಾರೆ ಊರ ಸಿಗಲಿಲ್ಲೇನು?"

ನಾನು ಅಕ್ಕೋರ ಹಿಂದೆ ಹೊರಟುಬಂದೆ.

ಮೂರನೇ ದಿನ ಕೆಲಸ ಮುಗಿಸಿ ಅಕ್ಕೋರು ಬಸ್ಸಿಗೆ ನಿಂತಿದ್ದಾಗ ನಾನೇ ಮಾತು ತೆಗೆದೆ. ಹೋದವರನ್ನು ಬರೆಯಲು ಒಂದು ಜಾಗ ಇರಬೇಕಿತ್ತಲ್ಲರೀ ಆ ಕಾಗದದಲ್ಲಿ ಎಂದೆ. ಅವರು ಬಸ್ಸು ಬರುವ ದಾರಿ ನೋಡುತ್ತ ಹೇಳಿದರು.

"ನಮ್ಮ ಮೈದುನನೂ ದುಬೈದಾಗ ಇದ್ದಾನ್ರಿ. ನಮ್ಮ ಮನಿ ಎಣಸಾಕ ಬಂದಾಗ ನಮ್ಮತ್ತಿನೂ ಹೊರಗ ಹೋಗ್ಯಾನ, ಬರ್ತಾನ ಅಂತ ಹೇಳಿದ್ರು. ನಾ ಬಾಜೂಕ ನಿಂತಿದ್ದೆ, ತರಬೇತಿ ಮುಗಸಿ ಬಂದಾಕಿ. ಬಾಯಿ ತಗೀಲಿಲ್ಲ." ಆಮೇಲೆ ಚೀಲ ತಟ್ಟಿದರು. "ಈ ಕಾಗದದಾಗ ಬಂದವರ್ನ ಬರಿಯಾಕ ಜಾಗಾ ಅದ. ಎಲ್ಲಿಂದ ಬಂದ್ರಿ, ಯಾಕ ಬಂದ್ರಿ, ಎಷ್ಟ ವರ್ಷಾತು. ಹೋದವರ್ನ ಬರಿಯಾಕ ಇಲ್ಲ. ಅವರು ಯಾವ ದೇಶದಾಗ ಇರ್ತಾರೋ ಆ ದೇಶದ ಕಾಗದದಾಗ ಸಿಗಬೇಕು."

"ನಮ್ಮನ್ನ ಅಲ್ಲಿ ಎಣಿಸ್ಯಾರ್ರಿ, ಎರಡ ತಿಂಗಳ ಹಿಂದ."

"ಹಂಗಂದ್ರ ಕಬ್ಬ ಕಡಿಯಾಕ ಹೋದವರೂ ಅಲ್ಲೇ ಸಿಗಬೇಕು," ಎಂದು ಅವರು ಬಸ್ಸು ಹತ್ತಿದರು. ನಾನು ಹೇಳಿದ ಸುಳ್ಳು ಅವರಿಗೆ ತಿಳಿದಿತ್ತೆಂದು ಅವತ್ತೇ ನನಗೆ ಗೊತ್ತಾಯಿತು.

ಆ ದೇಶದ ಕಾಗದದ ಮಾತನ್ನು ನಾನು ತಂಗಿಗೆ ಹೇಳಬಾರದಿತ್ತು. ಹೇಳಿದೆ. ತಪ್ಪು ಮಾಡಿದವನಿಗೆ ಏನಾದರೂ ಕೊಟ್ಟು ಹಗುರಾಗಬೇಕೆನಿಸುತ್ತದೆ. ಅವಳು ಕೇಳಿದಳು. "ನಿಂದೂ ಹೆಸರ ಬರಕೊಂಡಾರಲ್ಲ ಅಲ್ಲಿ?"

"ಬರಕೊಂಡಾರ."

"ಎಲ್ಲಾರ್ದೂ?"

"ಎಲ್ಲಾರ್ದೂ."

"ಹಂಗಂದ್ರ ಅವ ಇದ್ದಾನಂದ್ರ ಅದರಾಗ ಇರ್ತಾನ. ಇಲ್ಲಂದ್ರ ಇರಂಗಿಲ್ಲ. ನೀ ಹೋಗಿ ನೋಡು. ಇಲ್ಲಿ ಬಾಯಿ ಮುಚ್ಕೊಂಡಿದ್ದಿ, ಅಲ್ಲಿ ಹೋಗಿ ತಗಿ."

ಮಾರ್ಚಿನಲ್ಲಿ ತಿರುಗಿ ಹೋದೆ. ಕ್ಯಾಂಪಿನ ಮೇಲ್ವಿಚಾರಕನನ್ನು ಕೇಳಿದೆ, ಎಣಿಸಿದವರ ಪಟ್ಟಿ ಎಲ್ಲಿ ಸಿಗುತ್ತದೆಂದು. ಅವನು ಹೈದರಾಬಾದಿನವನು, ಗಂಟಲಲ್ಲಿ ಚಹಾ ಸಿಕ್ಕಿಕೊಳ್ಳುವ ಹಾಗೆ ನಕ್ಕ. ಅವರು ಬರೆದದ್ದು ತಲೆ ಎಣಿಸಲಿಕ್ಕೆ ಮಿಯಾ, ಯಾರ ತಲೆ ಎಂದು ಯಾರಿಗೂ ತೋರಿಸುವುದಿಲ್ಲ, ನಿಮ್ಮ ದೇಶದಲ್ಲೂ ತೋರಿಸುವುದಿಲ್ಲ ಎಂದ. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೆ.

ಇನ್ನು ಉಳಿದದ್ದು ನನ್ನ ಕಾಲು, ತಿರುಗಿ ತಿರುಗಿ ಹುಡುಕುವುದು. ಶುಕ್ರವಾರ ರಜೆ. ಒಂದೊಂದು ಶುಕ್ರವಾರ ಒಂದೊಂದು ಕ್ಯಾಂಪಿಗೆ ಹೋಗುತ್ತಿದ್ದೆ. ಕಲಬುರ್ಗಿ ಕಡೆಯವರು ಯಾರಿದ್ದೀರಿ ಎಂದು ಕೇಳುತ್ತಿದ್ದೆ. ಬೀದರದವರು ಸಿಕ್ಕರು, ಸೊಲ್ಲಾಪುರದವರು ಸಿಕ್ಕರು, ಒಂದು ಕಡೆ ನಮ್ಮ ಆಳಂದದ ಬಡಿಗನೇ ಸಿಕ್ಕ. ಎಡಚ ಗಿಲಾವಿನವನನ್ನು ಕಂಡವರು ಸಿಗಲಿಲ್ಲ. ಬಿಸಿಲು ಏರಿತು. ತಂಗಿ ತಿಂಗಳಿಗೊಮ್ಮೆ ಮಿಸ್ಡ್ ಕಾಲ್ ಕೊಡುತ್ತಿದ್ದಳು. ನಾನು ತಿರುಗಿ ಮಾಡಿ "ಇನ್ನಾ ನೋಡಾಕತ್ತೇನಿ" ಎನ್ನುತ್ತಿದ್ದೆ. "ನೋಡು" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾತಿಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಕಂಪನಿ ಮಸ್ಕತ್ತಿನಿಂದ ಎರಡು ತಾಸು ದೂರದ ಒಂದು ಊರಿಗೆ ನಾಲ್ಕು ಜನರನ್ನು ಟೈಲ್ಸ್ ಹಾಕಲು ಕಳಿಸಿತು. ಸಮುದ್ರದ ದಂಡೆ, ಖರ್ಜೂರದ ತೋಟ. ನಾವು ಕೆಲಸ ಮಾಡುವ ಮನೆಯ ಎದುರು ಇನ್ನೊಂದು ಅರ್ಧ ಕಟ್ಟಿದ ಮನೆ. ಅದರ ಕಂಪೌಂಡಿಗೆ ಹೊಸದಾಗಿ ಗಿಲಾವು ಆಗಿತ್ತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗಿಲಾವಿನ ಮೇಲೆ ಕೈ ಆಡಿದ ಗೆರೆಗಳು ಎದ್ದು ಕಾಣುತ್ತವೆ. ಬಲಗೈಯವನು ಮಾಡಿದ್ದರೆ ಕಮಾನು ಒಂದು ಕಡೆ ಬಾಗುತ್ತದೆ. ಈ ಗೋಡೆಯ ಕಮಾನುಗಳು ಎಲ್ಲ ಇನ್ನೊಂದು ಕಡೆ ಬಾಗಿದ್ದವು.

ಲೋಕದಲ್ಲಿ ಎಡಚರು ಬಹಳ ಮಂದಿ ಇದ್ದಾರೆ. ಹತ್ತಿರ ಹೋಗಿ ಮೂಲೆ ಮುಟ್ಟಿ ನೋಡಿದೆ. ಮೂಲೆಯ ಅಂಚನ್ನು ಹಸಿ ಗೋಣಿತಟ್ಟಿನ ತುಂಡಿನಿಂದ ಮೇಲಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಒರೆಸಿ ಮುಗಿಸಲಾಗಿತ್ತು. ಅದು ನಮ್ಮ ಅಪ್ಪನ ಪದ್ಧತಿ. ಅಪ್ಪ ನನಗೆ ಕಲಿಸಿದ್ದ, ನಾನು ಒಬ್ಬನಿಗೇ ಕಲಿಸಿದ್ದೆ.

ಕಾವಲುಗಾರ ಬಂಗಾಲಿ. ಈ ಗಿಲಾವು ಯಾರದ್ದು ಎಂದೆ. ಗೊತ್ತಿಲ್ಲ ಎಂದ. ನಾನು ಅವನ ಗುರು, ನನಗೆ ಪೊಲೀಸರ ಪರಿಚಯವಿಲ್ಲ ಎಂದೆ. ಅವನು ನನ್ನ ಅಂಗೈ ತಿರುಗಿಸಿ ನೋಡಿದ. ಸಿಮೆಂಟು ತಿಂದ ಕೈ ನೋಡಿ ನಂಬಿದನೋ ಏನೋ, ಕೂತುಕೋ ಎಂದ.

ಸ್ವಲ್ಪ ಹೊತ್ತಿಗೆ ಖರ್ಜೂರದ ತೋಟದ ಕಡೆಯಿಂದ ಒಬ್ಬ ಬಕೇಟು ಹಿಡಿದು ಬಂದ. ಗಡ್ಡ, ಒಂದು ಕಾಲು ತುಸು ಎಳೆಯುತ್ತಿದ್ದ. ನನ್ನನ್ನು ನೋಡಿ ನಿಂತ.

"ಲೇ," ಅಂದೆ.

"ಅಣ್ಣಾ."

"ಫೋನ್ ಮಾಡಾಕ ಏನ್ ಧಾಡಿಯಾಗಿತ್ತು ನಿನಗ?"

ಬಕೇಟು ಕೆಳಗಿಟ್ಟ. "ಏನಂತ ಮಾಡ್ಲಿ? ಎಂಟ ತಿಂಗಳ ಪಗಾರ ಕೊಡಲಿಲ್ಲ ಅವರು. ಗ್ವಾಡಿಗಿ ಕಟ್ಟಿದ ಪರಾಂಚಿ ಮ್ಯಾಲಿಂದ ಬಿದ್ದೆ, ದವಾಖಾನಿ ಅಂದ್ರ ಹೊರಗ ಹಾಕ್ತೇನಂದ ಮಾಲಕ. ಪಾಸ್‌ಪೋರ್ಟ್ ಅವನ ಕಡೇನ ಅದ. ಓಡಿ ಬಂದೆ. ಕಳಸಾಕ ಏನೂ ಇಲ್ದ ಮನಿಗಿ ಫೋನ್ ಹಚ್ಚಿದ್ರ ಅವ್ವ ಏನ್ ಕೇಳ್ತಾಳ ಗೊತ್ತದ. ಮುಂದಿನ ತಿಂಗಳ ಹಚ್ಚೋಣು, ಮುಂದಿನ ತಿಂಗಳ ಹಚ್ಚೋಣು ಅಂತಂತ..."

"ನಿನ್ನ ಹೆಂಡ್ತಿ ನಿನ್ನ ಹೆಸರ ಸರಕಾರದ ಕಾಗದದಾಗ ಹುಡಕಾಕತ್ಯಾಳ. ಎಣಸೋರು ಬಂದಾಗ ನೀ ಎಲ್ಲಿದ್ದಿ?"

"ಇಲ್ಲೇ. ಬಾಗಲಿಗಿ ಬಾಗಲಿಗಿ ಬಂದ್ರಲ್ಲ, ಪೊಲೀಸ್ರೇ ಬಂದ್ರು ಅನಕೊಂಡೆ. ಮಾಳಿಗಿ ಮ್ಯಾಲ ನೀರಿನ ಟಾಕಿ ಹಿಂದ ಮಧ್ಯಾಹ್ನತನಕ ಕುಂತೆ."

"ಅವರು ಕಾಗದ ಪತ್ರ ಕೇಳಂಗಿಲ್ಲೋ ಹುಚ್ಚ. ನನಗ ಎಷ್ಟ ಓದೀಯಂತ ಕೇಳಿದ್ರು."

"ನಿನಗ ಪತ್ರ ಇದ್ದಾವ, ಅದಕ್ಕ ಕೇಳಲಿಲ್ಲ," ಅಂದ.

ಫೋನು ಹಚ್ಚಿದೆ. "ತಂಗೀ, ಸಿಕ್ಕಾನ. ಎದುರಿಗೇ ಕುಂತಾನ," ಅಂದೆ. "ಕೊಡು ಅವಂಗ" ಎಂದಳು. ನಾನು ಕೊಟ್ಟು ದೂರ ಹೋಗಿ ನಿಂತೆ. ಅವನು ಬಹಳ ಹೊತ್ತು ಹ್ಞೂಂ ಹ್ಞೂಂ ಎನ್ನುತ್ತಿದ್ದುದು ಕೇಳುತ್ತಿತ್ತು. ಏನಂದಳೋ ಎಂದು ಆಮೇಲೆ ಕೇಳಿದೆ. ಹಿತ್ತಲ ಗೋಡೆಯ ಗಿಲಾವು ಅರ್ಧಕ್ಕೆ ಬಿಟ್ಟು ಹೋಗಿದ್ದಿ, ಮುಗಿಸುವವರು ಯಾರು ಎಂದಳಂತೆ. ಅದನ್ನು ಹೇಳುವಾಗ ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಬದುಕಿದ್ದಾನೆನ್ನುವುದು ತಿಳಿಯಿತು. ಆದರೆ ಬರುವುದು ಹೇಗೆ? ಪತ್ರವಿಲ್ಲದೆ ಇದ್ದ ಒಂದೊಂದು ದಿನಕ್ಕೂ ಅಲ್ಲಿ ದಂಡ ಬೀಳುತ್ತದೆ. ಅವನು ಅಲ್ಲಿಯೇ ಅಡಗಿ ದುಡಿದ, ತಿಂಗಳಿಗಿಷ್ಟೆಂದು ನನ್ನ ಕೈಯಿಂದ ಮನೆಗೆ ಕಳಿಸಿದ. ಮೊದಲ ಸಲ ಕಳಿಸಿದ ವಾರ ಅವನ ತಾಯಿ ಓಣಿಯ ತುಂಬ ತಿರುಗಿ, ನಮ್ಮ ಒಲಿಮ್ಯಾಗ ಉಣ್ಣೋರು ನಾಕು ಮಂದಿ, ಆ ಸಾಲಿ ಅಕ್ಕೋರ್ನ ಕರಿಸಿ ತಿದ್ದಸ್ರಿ ಎಂದಳೆಂದು ತಂಗಿ ಫೋನಿನಲ್ಲಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಬಹಳ ವರ್ಷದ ಮೇಲೆ.

ಅಲ್ಲಿಯ ಸರ್ಕಾರ ದಂಡ ಮಾಫು ಮಾಡಿ ಪತ್ರವಿಲ್ಲದವರಿಗೆ ಊರಿಗೆ ಹೋಗಲು ಬಿಟ್ಟದ್ದು 2015ರಲ್ಲಿ. ಆ ಹೊತ್ತಿಗೆ ನಾನು ಕೆಲಸ ಬಿಟ್ಟು ಊರಿಗೆ ಬಂದು ಒಂದು ವರ್ಷವಾಗಿತ್ತು. ಕಲಬುರ್ಗಿ ಸ್ಟೇಶನ್ನಿಗೆ ಅವನನ್ನು ಕರೆತರಲು ತಂಗಿ, ಅವಳ ಮಗಳು, ನಾನು ಹೋದೆವು. ಮಗಳಿಗೆ ಅಪ್ಪನ ಗುರುತು ಹತ್ತಲಿಲ್ಲ. ಅವನು ಬರಿಗೈಯಲ್ಲಿ ಇಳಿದ. ಬರಿಗೈಯಲ್ಲಿ ಬಂದವನನ್ನು ಓಣಿಯಲ್ಲಿ ಏನೆನ್ನುತ್ತಾರೋ ಎಂದು ನಾನು ಅಂಜಿದ್ದೆ. ಮಟಕಿಯ ಮುದುಕಿ ಕಟ್ಟೆಯ ಮೇಲಿಂದ, "ಏನಪಾ, ಕಬ್ಬ ಕಡದ ಮುಗೀತೇನು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಂಗಿ ಮಾತ್ರ ನನ್ನ ಮುಖ ನೋಡಿದಳು, ನಗಲಿಲ್ಲ.

ಆಮೇಲೊಮ್ಮೆ ಆಳಂದದಲ್ಲಿ ಕಾಲೇಜಿನ ಮಾಸ್ತರರೊಬ್ಬರ ಮನೆ ಕಟ್ಟುತ್ತಿದ್ದೆ. ಅವರು ಅರ್ಥಶಾಸ್ತ್ರ ಹೇಳುವವರು. ಚಹಾದ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಒಂದು ದೇಶದಿಂದ ಎಷ್ಟು ಜನ ಹೊರಗೆ ಹೋಗಿದ್ದಾರೆಂದು ತಿಳಿಯಲು ಆ ದೇಶದ ಕಾಗದ ನೋಡಿದರೆ ಆಗುವುದಿಲ್ಲ, ಉಳಿದ ದೇಶಗಳ ಕಾಗದದಲ್ಲಿ ನಮ್ಮವರೆಂದು ಬರೆಸಿದವರನ್ನು ಕೂಡಿಸುತ್ತಾರೆ ಎಂದು ವಿವರಿಸಿದರು. ಪುಸ್ತಕದಲ್ಲಿ ಹಾಗೇ ಇದೆಯಂತೆ. ನನಗೆ ಮೆಚ್ಚಿಕೆಯಾಯಿತು. ಮನೆ ಬಿಟ್ಟವನ ಲೆಕ್ಕ ಅವನನ್ನು ಇಟ್ಟುಕೊಂಡವರ ಮನೆಯಲ್ಲಿ ಸಿಗುತ್ತದೆ, ತವರಿನಲ್ಲಿ ಸಿಗುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಹಾಗೆಯೇ.

ಆದರೆ ಮಾಸ್ತರರಿಗೆ ನಾನೊಂದು ಮಾತು ಕೇಳಿದೆ. ನಾನು ಆ ಚಳಿಗಾಲದಲ್ಲಿ ಮಸ್ಕತ್ತಿನಲ್ಲಿ ಒಂದು, ಊರಲ್ಲಿ ಒಂದು, ಎರಡು ಸಲ ಎಣಿಕೆಯಾದೆ. ನಮ್ಮ ಓಣಿಯ ಒಂಬತ್ತು ಜನರೂ ಎರಡು ಸಲ. ಅವನು ಒಂದ್ಸಲವೂ ಇಲ್ಲ. ಹಾಗಾದರೆ ನಮ್ಮ ಒಂದು ಓಣಿಯ ಹನ್ನೊಂದು ಗಂಡಸರಿಗೆ ಎರಡು ದೇಶ ಸೇರಿ ಇಪ್ಪತ್ತು ಬರೆದಿವೆ, ಬರೆಯದೆ ಬಿಟ್ಟವನೇ ಹುಡುಕಬೇಕಾಗಿದ್ದವನು. ಇದಕ್ಕೇನು ಮಾಡುತ್ತೀರಿ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು, ಅಂಥವರನ್ನು ಅಂದಾಜು ಮಾಡುತ್ತಾರೆ ಎಂದರು. ಒಳ್ಳೆಯ ಮನುಷ್ಯರು, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಲಿಲ್ಲ. ನಾನೂ ಬೈಯುವ ಹಾಗಿರಲಿಲ್ಲ. ಆ ಇಪ್ಪತ್ತರಲ್ಲಿ ಒಂಬತ್ತು ನಾನು ಬಾಯಿ ಮುಚ್ಚಿದ್ದರಿಂದ ಬಿದ್ದ ಅಂಕಿ. ಇಂಥ ಓಣಿ ಎಷ್ಟಿವೆಯೋ, ಬಾಯಿ ಮುಚ್ಚಿಕೊಂಡು ಬೆನ್ನ ಹಿಂದೆ ನಿಂತ ನನ್ನಂಥವರು ಎಷ್ಟಿದ್ದಾರೋ.

ಈಗ ಮತ್ತೆ ಜನಗಣತಿಯ ಮಾತು ನಡೆದಿದೆ. ಈ ಸಲ ಕಾಗದವಿಲ್ಲ, ಮೊಬೈಲಿನಲ್ಲೇ ಒತ್ತುತ್ತಾರಂತೆ. ಮೊನ್ನೆ ಕೆಲಸದ ಮೇಲೆ ಎಡಚ ಕೇಳಿದ.

"ಅಣ್ಣಾ, ಮೊದಲ ಎಲ್ಲಿದ್ದಿ ಅಂತ ಕೇಳಿದ್ರ ಏನ್ ಹೇಳ್ಲಿ?"

"ಮಸ್ಕತ್ ಕಡಿ ಎಂಟ ವರ್ಷ ಇದ್ದೆ ಅಂತ ಹೇಳು."

"ಅಲ್ಲಿ ನಾ ಇದ್ದದ್ದಕ್ಕ ದಾಖಲಾನ ಇಲ್ಲಲ್ಲೋ. ಅಲ್ಲಿದೂ ಇಲ್ಲ, ಇಲ್ಲಿದೂ ಇಲ್ಲ."

"ದಾಖಲಾ ಕೇಳಂಗಿಲ್ಲ. ನೀ ಹೇಳಿದ್ದನ್ನ ಬರಕೋತಾರ. ಬಂದವರ್ನ ಬರಿಯಾಕ ಅದರಾಗ ಜಾಗಾ ಅದ, ನೀ ಈಗ ಬಂದವ."

ಅವನು ಕರಣಿ ತೊಳೆದಿಟ್ಟ. "ನಮ್ಮಾಕಿನ ಹೇಳ್ಲಿ ತಗೋ," ಅಂದ. "ಆಕಿ ಹೇಳಿದ್ದನ್ನ ಆಗ ಬರೀಲಿಲ್ಲ."

ಅವತ್ತು ಸಂಜೆಯೇ ನಾನು ಆ ಒಂಬತ್ತು ಮನೆಗಳಿಗೆ ಹೋಗಿಬಂದೆ. ಹಳಬರಲ್ಲಿ ಆರು ಜನ ಬಂದಿದ್ದಾರೆ, ಮೂವರು ಅಲ್ಲೇ ಇದ್ದಾರೆ, ಹೊಸಬರು ಇಬ್ಬರು ಹೋಗಿದ್ದಾರೆ. ಬಂದವರು ಎಲ್ಲಿಂದ ಬಂದೆವೆಂದು ಹೇಳಿರಿ, ಇಲ್ಲದವರನ್ನು ಇಲ್ಲೇ ಇದ್ದಾರೆಂದು ಬರೆಸಬೇಡಿರಿ, ರೇಷನ್ನಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ನಾಲ್ಕು ಮನೆಯವರು ಹೂಂ ಎಂದರು. ನಾಲ್ಕು ಮನೆಯವರು ನೋಡೋಣ ಎಂದರು. ಮಟಕಿಯ ಮುದುಕಿ, ಇನ್ನೂ ಗಟ್ಟಿಯಿದ್ದಾಳೆ, "ನನ್ನ ಮಗ ನನ್ನ ಒಲಿಯವ, ನೀ ಯಾರೋ ಹೊಡಿಯಾಕ?" ಎಂದು ಕೋಲು ತೋರಿಸಿದಳು. ಅವಳ ಮಗ ಇನ್ನೂ ಅಲ್ಲೇ ಇದ್ದಾನೆ.

ಕೊನೆಗೆ ತಂಗಿಯ ಮನೆಗೆ ಹೋದೆ. ಆವತ್ತು ಕಬ್ಬಿನ ಸುಳ್ಳು ಹೇಳಿದ್ದು ತಪ್ಪಾಯಿತು ಎಂದೆ. ಹದಿನೈದು ವರ್ಷವಾಗಿತ್ತು, ಈ ಮಾತು ಬಾಯಿಂದ ಬಂದಿರಲಿಲ್ಲ. ಅವಳು, "ಗೊತ್ತದ. ಹುಡಕಿ ತಂದೀಯಲ್ಲ, ಆತು. ಆದ್ರ ಈ ಸಲ ಅಕ್ಕೋರ ಬಂದ್ರ ನೀ ಬಾಜೂಕ ನಿಂದ್ರಬ್ಯಾಡ," ಎಂದಳು. ನಿಲ್ಲುವುದಿಲ್ಲ ಎಂದೆ.

ಈಗ ನನಗಿರುವುದು ಇಷ್ಟು. ಮೂರು ಕೋಣೆಯ ಮನೆ, ಶಹಾಬಾದ ಫರಸಿಯ ನೆಲ. ಒಂದೂವರೆ ಎಕರೆ ತೊಗರಿ ಹೊಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಕಲಬುರ್ಗಿಯಲ್ಲಿ ನರ್ಸು, ಸಣ್ಣವಳು ಇನ್ನೂ ಓದುತ್ತಿದ್ದಾಳೆ. ಒಂದು ಕಾಂಕ್ರೀಟ್ ಕಲಸುವ ಯಂತ್ರ, ಎರಡು ಮನೆಗಾಗುವಷ್ಟು ಪರಾಂಚಿ ಸಾಮಾನು, ಒಂದು ಮೋಟಾರ್ ಸೈಕಲ್. ನೋಯುವ ಮೊಣಕಾಲು ಒಂದು. ನನ್ನ ಕೈಕೆಳಗೆ ಗೌಂಡಿಗಳು ಆರು ಮಂದಿ, ಅವರಲ್ಲಿ ಬಲಗೈಯವರು ಐದು, ಎಡಗೈಯವನು ಒಬ್ಬ.